ಐವರ ಪಟ್ಟಿ

ಜುಲೈ 6, 1987. ವಿಶಾಖಪಟ್ಟಣ

ಸಂಜೆ ಕೋಚ್ ಕಾಮೇಶ್ವರ ಸರ್ ಈ ಸೀಸನ್ನಿಗೆ ಆಡುವ ಐವರ ಹೆಸರು ಓದಿದರು. ನನ್ನದಿರಲಿಲ್ಲ.

ಆರು ವರ್ಷದಿಂದ ಸೆಂಟರ್ ಜಾಗ ನನ್ನದು. ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ನಾನು. ನಿಗಮ ನಮ್ಮನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಬಾಲ್ ಬ್ಯಾಡ್ಮಿಂಟನ್ ಆಡಲಿಕ್ಕೆ. ಮಧ್ಯಾಹ್ನದವರೆಗೆ ಟೈಪಿಂಗ್ ಸೆಕ್ಷನ್, ಆಮೇಲೆ ಮೈದಾನ. ಭದ್ರಾವತಿಯಿಂದ ಇಲ್ಲಿಗೆ ಮದುವೆಯಾಗಿ ಬಂದು ನಾಲ್ಕು ತಿಂಗಳಿಗೇ ಈ ಕೆಲಸ ಸಿಕ್ಕಿತ್ತು. ಆಗ ಈ ಊರಿನಲ್ಲಿ ನಾನು ಯಾರೆಂದು ಕೇಳಿದವರಿಗೆ ಹೇಳಲು ಒಂದು ಉತ್ತರವಿತ್ತು.

ಈಗ ಆ ಜಾಗ ಕನಕಲಕ್ಷ್ಮಿಗೆ. ಜನವರಿಯಲ್ಲಿ ಸೇರಿದವಳು, ಇಪ್ಪತ್ತಮೂರು ವರ್ಷ, ಇನ್ನೂ ಪ್ರೊಬೇಷನ್ ಮುಗಿದಿಲ್ಲ. ನನಗೆ ಮೂವತ್ತೆರಡು.

ಎಲ್ಲರೂ ನೀರು ಕುಡಿಯಲು ಹೋದಾಗ ಸರ್ ನನ್ನ ಹತ್ತಿರ ಬಂದರು. ಅವರು ರಾಯದುರ್ಗದ ಕಡೆಯವರು. ಮೈದಾನದಲ್ಲಿ ನನ್ನೊಂದಿಗೆ ಕನ್ನಡ ಮಾತಾಡುವವರು ಅವರೊಬ್ಬರೇ.

"ಬ್ಯಾಸರ ಮಾಡ್ಕೋಬ್ಯಾಡಮ್ಮ ಶಾರದಾ. ನಿನ್ನ ಕೈ ಚಲೋ ಐತಿ. ಕಾಲು ಅರ್ಧ ಹೆಜ್ಜೆ ತಡ ಆಗ್ತದೆ. ಈ ಸಲ ಹೊರಗ ಕುಂತು ನೋಡು. ನಿಂಗೇ ಗೊತ್ತಾಗ್ತದೆ."

ಹೂಂ ಅಂದೆ. ಕನ್ನಡದಲ್ಲಿ ಹೇಳಿದ್ದರಿಂದ ಇನ್ನೂ ಹೆಚ್ಚು ಉರಿಯಿತು.

ಮನೆಯಲ್ಲಿ ಹೇಳಿಲ್ಲ.

ಜುಲೈ 9

ಇವತ್ತೂ ಚೆಂಡು ಹೆಕ್ಕಿ ಕೊಟ್ಟೆ. ಹಳದಿ ಉಣ್ಣೆಯ ಚೆಂಡು ಬೇಲಿಯಾಚೆ ಹೋದರೆ ನಾನೇ ಹೋಗಬೇಕು.

ಜುಲೈ 21, ಮಂಗಳವಾರ

ಮೈದಾನದಲ್ಲಿ ರ‍್ಯಾಕೆಟ್ಟಿನ ಚೀಲ ಬಿಟ್ಟು ಬಂದಿದ್ದೆ. ಬಸ್‌ಸ್ಟಾಪಿನಿಂದ ವಾಪಸು ಹೋದೆ. ಆರೂಕಾಲು ಇರಬೇಕು, ಇನ್ನೂ ಬೆಳಕಿತ್ತು. ಎಲ್ಲರೂ ಹೋಗಿದ್ದರು. ಅಂಗಳದ ಆ ತುದಿಯಲ್ಲಿ ಸರ್ ಮತ್ತು ಕನಕಲಕ್ಷ್ಮಿ ಇಬ್ಬರೇ. ಸರ್ ಒಂದು ಕೈಯಲ್ಲಿ ಅವಳ ಮುಖ ಹಿಡಿದಿದ್ದರು. ಇನ್ನೊಂದು ಕೈ ಭುಜದ ಮೇಲಿತ್ತು.

ಅವರು ನನ್ನನ್ನು ನೋಡಲಿಲ್ಲ. ಚೀಲ ತೆಗೆದುಕೊಂಡು ಬಂದುಬಿಟ್ಟೆ.

ನಾನು ನೋಡಿದ್ದು ಇಷ್ಟೇ.

ಜುಲೈ 24, ಶುಕ್ರವಾರ

ವೆಲ್‌ಫೇರ್ ಆಫೀಸರ್ ಸೂರ್ಯಪ್ರಕಾಶ ಗಾರು ಕರೆದದ್ದು ನನ್ನ ರಜೆ ಅರ್ಜಿಯ ವಿಷಯಕ್ಕೆ. ತಂಡದ ಖರ್ಚುವೆಚ್ಚ, ಪ್ರಯಾಣ ಎಲ್ಲ ಅವರ ಟೇಬಲ್ಲಿನ ಮೇಲೆಯೇ ಹೋಗುತ್ತದೆ. ಅರ್ಜಿಗೆ ಸಹಿ ಹಾಕುತ್ತಾ ಕೇಳಿದರು.

"ಏಮ್ಮಾ, ಈ ಸಲ ಟೀಮಿನಲ್ಲಿ ಇಲ್ಲವಂತೆ?"

"ಕೋಚ್ ಇಷ್ಟ, ಸರ್."

"ಆ ಹೊಸ ಹುಡುಗಿ ಅಷ್ಟು ಚೆನ್ನಾಗಿ ಆಡ್ತಾಳಾ?"

"ಅವಳಿಗೆ ಸರ್ ಬೇರೆಯಾಗಿ ಹೇಳಿಕೊಡ್ತಾರೆ."

"ಬೇರೆಯಾಗಿ ಅಂದರೆ?"

"ನಾವೆಲ್ಲ ಹೋದ ಮೇಲೆ."

ಪೆನ್ನು ಕೆಳಗಿಟ್ಟರು. "ಆಗ ಇನ್ನು ಯಾರಿರ್ತಾರೆ?"

"ಯಾರೂ ಇರಲ್ಲ, ಸರ್."

"ನೀವು ಕಣ್ಣಾರೆ ನೋಡಿದ್ದೀರಾ?"

ಮಂಗಳವಾರ ನೋಡಿದ್ದನ್ನು ಹೇಳಿದೆ. ಮುಖ ಹಿಡಿದಿದ್ದರು, ಭುಜದ ಮೇಲೆ ಕೈಯಿತ್ತು. ಅವರು ಎದ್ದು ಬಾಗಿಲು ಮುಂದೆ ಮಾಡಿದರು. ನನ್ನ ಹೆಸರು ಎಲ್ಲೂ ಬರುವುದಿಲ್ಲ ಎಂದರು. ನಾನು ಹೆಸರಿನ ಮಾತೇ ಎತ್ತಿರಲಿಲ್ಲ.

ನಾನು ಸುಳ್ಳು ಹೇಳಲಿಲ್ಲ. ಒಂದೇ ಒಂದು ಪದವೂ ಸುಳ್ಳಲ್ಲ.

ಆಗಸ್ಟ್ 3

ಕಾಮೇಶ್ವರ ಸರ್ ಹೋದರು. ಒಪ್ಪಂದ ಮುಗಿದಿದೆ ಎಂದು ನೋಟೀಸ್ ಬೋರ್ಡಿನಲ್ಲಿ ಎರಡು ಸಾಲು. ಮಾರ್ಚ್‌ವರೆಗೆ ಒಪ್ಪಂದ ಇತ್ತೆಂದು ಎಲ್ಲರಿಗೂ ಗೊತ್ತು. ಕಾರಣವೂ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

ವಿಚಾರಣೆಯಲ್ಲಿ ಅವರನ್ನು ಕೇಳಿದರಂತೆ, ಆ ಹುಡುಗಿಯನ್ನು ಒಬ್ಬಳನ್ನೇ ಯಾಕೆ ನಿಲ್ಲಿಸಿಕೊಳ್ಳುತ್ತಿದ್ದಿರಿ ಅಂತ. "ಆಟ ಕಲಿಸಲಿಕ್ಕೆ" ಎಂದಷ್ಟೇ ಹೇಳಿದರಂತೆ. ಮುಖ ಯಾಕೆ ಹಿಡಿದಿದ್ದಿರಿ ಎಂದದ್ದಕ್ಕೆ ಉತ್ತರವೇ ಕೊಡಲಿಲ್ಲವಂತೆ. ಕನಕಲಕ್ಷ್ಮಿಯೂ ಬಾಯಿ ಬಿಡಲಿಲ್ಲವಂತೆ. ಅದನ್ನೇ ಜನ ತಪ್ಪೊಪ್ಪಿಗೆ ಎಂದುಕೊಂಡಿದ್ದಾರೆ.

ಸಂಜೆ ಮೈದಾನಕ್ಕೆ ಬಂದು ಕ್ಯಾಪ್ಟನ್ ಗಂಗಾಭವಾನಿಯ ಕೈಗೆ ಸೀಟಿ, ಚೆಂಡಿನ ಡಬ್ಬ ಕೊಟ್ಟರು. ನಾವೆಲ್ಲ ಸಾಲಾಗಿ ನಿಂತಿದ್ದೆವು. ಯಾರೂ ತಲೆ ಎತ್ತಲಿಲ್ಲ. ನನ್ನ ಮುಂದೆ ಬಂದಾಗ ನಿಂತರು.

"ಟೊಂಕ ನೋಯ್ತದೆ ಅಂದಿದ್ದೆಲ್ಲ. ಮುಂಜಾನೆ ಬಿಸಿನೀರಿನ ಶಾಖ ಕೊಟ್ಕೊ. ಬಿಡಬ್ಯಾಡ."

ಅವರಿಗೆ ಗೊತ್ತಿಲ್ಲ.

ಆಗಸ್ಟ್ 4

ಸೂರ್ಯಪ್ರಕಾಶ ಗಾರು ಮ್ಯಾನೇಜರ್ ಆಗಿ ಮೈದಾನಕ್ಕೆ ಬಂದರು. ಕುರ್ಚಿ, ಛತ್ರಿ, ಜೊತೆಗೆ ಒಬ್ಬ ಆಯಾ. ಐದೂಮುಕ್ಕಾಲಕ್ಕೆ ಎಲ್ಲರೂ ಒಟ್ಟಿಗೇ ಹೊರಡಬೇಕು. ಅಂಗಳದಲ್ಲಿ ಇಬ್ಬರೇ ನಿಲ್ಲುವಂತಿಲ್ಲ.

ಐವರ ಪಟ್ಟಿಯಲ್ಲಿ ನನ್ನ ಹೆಸರಿದೆ. ಕನಕಲಕ್ಷ್ಮಿಯದಿಲ್ಲ.

ಮನೆಯಲ್ಲಿ ಹೇಳಿದೆ. ಇವರು ಕೋವಾ ತಂದರು. ಅತ್ತೆ ದೇವರ ಮುಂದಿಟ್ಟು ಹಂಚಿದರು. ನಾನು ತಿಂದೆ.

ಆಗಸ್ಟ್ 19

ಕನಕಲಕ್ಷ್ಮಿ ಒಂದು ವಾರದಿಂದ ಮೈದಾನಕ್ಕೆ ಬರುತ್ತಿಲ್ಲ. ಆಫೀಸಿಗೆ ಅಣ್ಣ ದುರ್ಗಾಪ್ರಸಾದ್ ಸೈಕಲ್ಲಿನಲ್ಲಿ ಬಿಟ್ಟು ಹೋಗುತ್ತಾನೆ, ಎರಡು ಗಂಟೆಗೆ ಬಂದು ಕರೆದೊಯ್ಯುತ್ತಾನೆ. ಅನಕಾಪಲ್ಲಿಯಲ್ಲಿ ಅವಳಿಗೆ ಮದುವೆ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಹೇಳಿ ಕಳಿಸಿದ್ದಾರಂತೆ, ಬೇಡ ಅಂತ.

ಊಟದ ಕೋಣೆಯಲ್ಲಿ ಎಲ್ಲರೂ ಪಾಪ ಎಂದರು. ನಾನೂ ಎಂದೆ. ನನ್ನ ಬಾಯಿಂದ ಆ ಪದ ಎಷ್ಟು ಸಲೀಸಾಗಿ ಬಂತು ಎಂದರೆ, ಕೈಯಲ್ಲಿದ್ದ ತುತ್ತು ಡಬ್ಬಿಗೆ ವಾಪಸು ಹಾಕಿದೆ.

ಸೆಪ್ಟೆಂಬರ್ 13, ಭಾನುವಾರ

ಊರಿನ ಟೂರ್ನಿಯಲ್ಲೇ ಸೋತೆವು. ಅದೂ ಕಾಲೇಜು ಹುಡುಗಿಯರಿಗೆ. ಮೊದಲ ಗೇಮು 29–17, ಎರಡನೆಯದು 29–20. ಸಮುದ್ರದ ಗಾಳಿಗೆ ಚೆಂಡು ಬಾಗಿ ಬಾಗಿ ನಡುವೆ ಬೀಳುತ್ತಿತ್ತು. ಎಲ್ಲವೂ ನನ್ನವೇ. ಕೈ ಚಾಚಿದಾಗ ಚೆಂಡು ಆಗಲೇ ನೆಲ ಮುಟ್ಟಿರುತ್ತಿತ್ತು. ಅರ್ಧ ಹೆಜ್ಜೆ.

ಸೂರ್ಯಪ್ರಕಾಶ ಗಾರು ಎಲ್ಲರ ಎದುರಿಗೆ ಗಂಗಾಭವಾನಿಯನ್ನು ಬೈದರು. "ಕ್ಯಾಪ್ಟನ್ ಅಂದ ಮೇಲೆ ಹುಡುಗಿಯರನ್ನು ಓಡಿಸಬೇಕು ಕಣಮ್ಮ." ಅವಳು ನನ್ನ ಕಡೆ ನೋಡಿ ಸುಮ್ಮನಾದಳು. ನನ್ನ ತಪ್ಪು ಎಂದು ನಾನೂ ಹೇಳಲಿಲ್ಲ.

ಸೆಪ್ಟೆಂಬರ್ 14

ಆಫೀಸಿಗೆ ಹೋಗಲಿಲ್ಲ, ಜ್ವರ ಎಂದು ಹೇಳಿ ಕಳಿಸಿದೆ. ಇವರು ಕೆಲಸಕ್ಕೆ, ಅತ್ತೆ ಗುಡಿಗೆ ಹೋಗಿದ್ದಾರೆ. ಇದನ್ನು ಬರೆದು ಮುಗಿಸುತ್ತೇನೆ. ಈ ಪುಸ್ತಕ ನಾನಲ್ಲದೆ ಯಾರೂ ಓದುವುದಿಲ್ಲ. ಆದರೂ ಇಲ್ಲಿಯೂ ಅರ್ಧವೇ ಬರೆದಿದ್ದೇನೆ.

ಜೂನ್‌ನಲ್ಲಿ ತಂಡದವರೆಲ್ಲ ಋಷಿಕೊಂಡಕ್ಕೆ ಹೋಗಿದ್ದೆವು. ವಾಪಸು ಬರುವಾಗ ಬಸ್ಸಿನಲ್ಲಿ ಕನಕಲಕ್ಷ್ಮಿ ನನ್ನ ಪಕ್ಕ ಕೂತಿದ್ದಳು. ನಾನು ಅವಳ ಎಡಗಡೆಯಿಂದ ಕಡಲೆಕಾಯಿ ಪೊಟ್ಟಣ ಚಾಚಿದೆ. ಅವಳು ನೋಡಲೇ ಇಲ್ಲ. ಎರಡು ಸಲ ಕರೆದ ಮೇಲೆ ಪೂರ್ತಿ ಮುಖ ತಿರುಗಿಸಿದಳು. ಆಮೇಲೆ ನನ್ನ ಕೈ ಹಿಡಿದು ಹೇಳಿದಳು. ಏಳನೇ ವಯಸ್ಸಿನಲ್ಲಿ ದೀಪಾವಳಿ ಪಟಾಕಿಯ ಕಿಡಿ ಎಡಗಣ್ಣಿಗೆ ಬಿದ್ದಿತ್ತು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಆದರೆ ಆ ಕಣ್ಣಿಗೆ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಕೆಲಸಕ್ಕೆ ಸೇರುವಾಗ ಡಾಕ್ಟರ ಬೋರ್ಡಿನ ಅಕ್ಷರಗಳನ್ನು ಬಾಯಿಪಾಠ ಮಾಡಿ ಓದಿದ್ದಳು. ನಿಗಮಕ್ಕೆ ಗೊತ್ತಾದರೆ ಅನ್‌ಫಿಟ್ ಎಂದು ಅದೇ ದಿನ ಮನೆಗೆ ಕಳಿಸುತ್ತಾರೆ. ತಂದೆಯಿಲ್ಲದ ಮನೆ.

"ಕಾಮೇಶ್ವರ ಸರ್‌ಗೆ ಗೊತ್ತು ಅಕ್ಕಾ. ಎಡಗಣ್ಣು ಮುಚ್ಚಿ, ಕತ್ತು ತಿರುಗಿಸಿ ಚೆಂಡು ನೋಡೋದು ಹೇಗೆ ಅಂತ ಹೇಳಿಕೊಡ್ತೀನಿ ಅಂದಿದ್ದಾರೆ. ಯಾರೂ ಇಲ್ಲದಾಗ. ನಿಮಗೊಬ್ಬರಿಗೇ ಹೇಳಿದೀನಿ."

ಜುಲೈ 21ರಂದು ಸರ್ ಅವಳ ಎಡಗಣ್ಣಿನ ಮೇಲೆ ಅಂಗೈ ಇಟ್ಟಿದ್ದರು. ಆ ಅಂಗೈಯಿಂದಲೇ ಮುಖ ತಿರುಗಿಸುತ್ತಿದ್ದರು. ನೋಡಿದ ತಕ್ಷಣ ನನಗೆ ಗೊತ್ತಾಯಿತು ಅದೇನೆಂದು. ಅನುಮಾನ ಎಂಬುದೇ ಬರಲಿಲ್ಲ.

ಗೊತ್ತಿದ್ದೂ ಆಫೀಸರ ಮುಂದೆ ಕೂತು ಮುಖ ಹಿಡಿದಿದ್ದರು ಎಂದೆ. ಕಣ್ಣು ಎನ್ನಲಿಲ್ಲ.

ವಿಚಾರಣೆಯಲ್ಲಿ ಸರ್ ಒಂದು ಮಾತು ಆಡಿದ್ದರೆ ಅವರು ಉಳಿಯುತ್ತಿದ್ದರು, ಅವಳ ಕೆಲಸ ಹೋಗುತ್ತಿತ್ತು. ಆಡಲಿಲ್ಲ. ಐವತ್ತೈದು ವರ್ಷದ ಮನುಷ್ಯ, ಹೆಣ್ಣುಮಕ್ಕಳ ವಿಷಯದಲ್ಲಿ ಕೆಟ್ಟವನೆನಿಸಿಕೊಂಡು ಹೋದರು. ಹೋಗುವಾಗ ನನ್ನ ಟೊಂಕದ ನೋವಿಗೆ ಔಷಧಿ ಹೇಳಿ ಹೋದರು.

ಅತ್ತೆ ಬಂದರು.

ಅಕ್ಟೋಬರ್ 4. ವಿಜಯವಾಡ

ದಸರಾ ಟೂರ್ನಿಯಲ್ಲೂ ಮೊದಲ ಸುತ್ತಿಗೇ ಮುಗಿಯಿತು. ಸೂರ್ಯಪ್ರಕಾಶ ಗಾರು ಮಧ್ಯಾಹ್ನದ ಬಿಸಿಲಿಗೆ ಹೆದರಿ ಹೋಟೆಲಿನಲ್ಲೇ ಉಳಿದಿದ್ದರು. ಸೋತ ಸುದ್ದಿ ಫೋನಿನಲ್ಲಿ ತಿಳಿದುಕೊಂಡರು.

ಗವರ್ನರ್‌ಪೇಟೆಯಲ್ಲಿ ಬಳೆ ಕೊಳ್ಳಲು ಹೋದಾಗ ಗಂಗಾಭವಾನಿ ಒಂದು ಓಣಿ ತೋರಿಸಿದಳು. ಕಾಮೇಶ್ವರ ಸರ್ ಅಲ್ಲೇ ತಮ್ಮನ ಕಾಗದದ ಅಂಗಡಿಯಲ್ಲಿ ಕೂರುತ್ತಾರಂತೆ. "ಹೋಗಿ ಮಾತಾಡಿಸೋಣವಾ?" ಎಂದಳು. ಆಟೋದಲ್ಲಿ ಹಾದು ಹೋದೆವು. ನಾನೇ ಬೇಡ, ಹೊತ್ತಾಯಿತು ಎಂದೆ. ಹೊತ್ತೇನೂ ಆಗಿರಲಿಲ್ಲ.

ಅಕ್ಟೋಬರ್ 19. ವಿಶಾಖಪಟ್ಟಣ

ಹೊಸ ಕೋಚ್ ಬಂದಿದ್ದಾರೆ. ಅನ್ನಪೂರ್ಣಮ್ಮ, ವಿಜಯವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದು ನಿವೃತ್ತರಾದವರು. ಸೂರ್ಯಪ್ರಕಾಶ ಗಾರು ತಮ್ಮ ಟೇಬಲ್ಲಿಗೆ ವಾಪಸು.

ನೂಲಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಅಂಗಳದ ನಡುವೆ ನಿಂತರು. ಮೂರು ದಿನ ಬರೀ ನೋಡಿದರು. ನಾಲ್ಕನೇ ದಿನ, ಅಂದರೆ ಇವತ್ತು, ನನ್ನನ್ನು ಕರೆದರು.

"ನೀನು ಸೆಂಟರ್ ಅಲ್ಲ ಅಮ್ಮಾ ಈಗ. ನಿನಗೂ ಗೊತ್ತು."

"ಗೊತ್ತು ಮೇಡಂ."

"ಮತ್ತೆ ಯಾಕೆ ನಿಂತಿದ್ದೀಯ?"

ಗೆರೆ ದಾಟಿ ಹೊರಗೆ ಬಂದೆ. ಜುಲೈನಲ್ಲಿ ಇದೇ ಮಾತಿಗೆ ಮೈಯೆಲ್ಲ ಉರಿದಿತ್ತು. ಇವತ್ತು ಒಂದು ಭಾರ ಇಳಿಸಿದ ಹಾಗಾಯಿತು.

"ಆ ಕನಕಲಕ್ಷ್ಮಿ ಅನ್ನೋ ಹುಡುಗಿ ಎಲ್ಲಿ? ಹೋದ ವರ್ಷ ಕಾಲೇಜಿನವರ ಪರವಾಗಿ ಆಡಿದ್ದು ನೋಡಿದ್ದೆ."

ಗಂಗಾಭವಾನಿ ಮೆಲ್ಲಗೆ ವಿಷಯ ಹೇಳಿದಳು. ಅನ್ನಪೂರ್ಣಮ್ಮ ಕೇಳಿಸಿಕೊಂಡು ಕೇಳಿದರು. "ಇದನ್ನು ನೋಡಿದವರು ಯಾರು?"

ಯಾರಿಗೂ ಗೊತ್ತಿಲ್ಲ ಎಂದಳು ಗಂಗಾಭವಾನಿ. ನಾನು ನೆಟ್ಟಿನ ಹಗ್ಗ ಬಿಗಿ ಮಾಡುತ್ತಾ ನಿಂತಿದ್ದೆ.

ನವೆಂಬರ್ 12

ಅನ್ನಪೂರ್ಣಮ್ಮ ಎರಡು ಸಲ ಕನಕಲಕ್ಷ್ಮಿಯ ಮನೆಗೆ ಹೋಗಿ ಬಂದರು. ಅಣ್ಣ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದನಂತೆ. "ಹೆಸರು ವಾಪಸು ತಂದುಕೊಡಿ ಮೇಡಂ, ಆಮೇಲೆ ತಂಗಿಯನ್ನು ಕಳಿಸ್ತೀನಿ."

ಟೈಪಿಂಗ್ ಸೆಕ್ಷನ್ನಿನಲ್ಲಿ ಇನ್ನೊಂದು ಸುದ್ದಿ. ಡಿಸೆಂಬರ್ ಕೊನೆಗೆ ಅವಳ ಪ್ರೊಬೇಷನ್ ಫೈಲು ಮೇಲೆ ಹೋಗುತ್ತದೆ. ಖಾಯಂ ಆಗಲು ಅಷ್ಟರೊಳಗೆ ವಲಯ ಟೂರ್ನಿಯಲ್ಲಿ ಆಡಿರಬೇಕು. ಫೈಲಿನಲ್ಲಿ 'ನಡತೆ' ಎಂಬ ಕಡೆ ಸೂರ್ಯಪ್ರಕಾಶ ಗಾರು ಒಂದು ಟಿಪ್ಪಣಿ ಬರೆದಿದ್ದಾರಂತೆ. ಅದಿದ್ದರೆ ಕೆಲಸ ಖಾಯಂ ಆಗುವುದಿಲ್ಲ.

ನವೆಂಬರ್ 18

ಇವತ್ತು ಕನಕಲಕ್ಷ್ಮಿಗೆ ಹೇಳಿದೆ.

ಸ್ಟೇಷನರಿ ಕೋಣೆಯಲ್ಲಿ ಕಾರ್ಬನ್ ಪೇಪರ್ ತೆಗೆದುಕೊಳ್ಳುತ್ತಿದ್ದಳು. ನಾನು ಒಳಗೆ ಹೋಗಿ ಬಾಗಿಲ ಬಳಿ ನಿಂತೆ. "ಸೂರ್ಯಪ್ರಕಾಶ ಗಾರಿಗೆ ಹೇಳಿದ್ದು ನಾನು," ಎಂದೆ. ಇನ್ನೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ.

ಅವಳು ಹಾಳೆ ಎಣಿಸುವುದನ್ನು ನಿಲ್ಲಿಸಲಿಲ್ಲ. ಎಣಿಸಿ ಮುಗಿಸಿದ ಮೇಲೆ ಹೇಳಿದಳು.

"ಗೊತ್ತು ಅಕ್ಕಾ. ನೋಡಿದವರು ಬೇರೆ ಯಾರಾದರೂ ಆಗಿದ್ದರೆ ನೀವು ಎದ್ದು ನಿಂತು, ಅದು ಹಾಗಲ್ಲ, ಅವಳ ವಿಷಯ ನನಗೆ ಗೊತ್ತು ಅಂತ ಸರ್ ಪರವಾಗಿ ಒಂದು ಮಾತಾದರೂ ಆಡ್ತಿದ್ದಿರಿ. ಆಡಲಿಲ್ಲ. ಆವತ್ತೇ ಗೊತ್ತಾಯಿತು."

"ಮತ್ತೆ ನೀನು ಯಾರಿಗೂ..."

"ಏನಂತ ಹೇಳಲಿ? ನಿಮ್ಮ ಹೆಸರು ಹೇಳಿದರೆ ನಿಮ್ಮನ್ನು ಕರೆದು ಕೇಳ್ತಾರೆ. ನೀವು ಕಣ್ಣಿನ ವಿಷಯ ಹೇಳಿಬಿಟ್ಟರೆ?"

ನಾಲ್ಕು ತಿಂಗಳು ಅವಳು ನನಗೆ ಹೆದರಿಕೊಂಡು ಇದ್ದಳು. ನಾನು ಎದುರಾದಾಗೆಲ್ಲ ತಲೆ ತಗ್ಗಿಸುತ್ತಿದ್ದಳು. ಅದನ್ನು ನಾನು ಅವಳ ನಾಚಿಕೆ ಎಂದುಕೊಂಡಿದ್ದೆ.

"ಹೋಗಿ ನಿಜ ಹೇಳ್ತೀನಿ," ಎಂದೆ.

"ಬೇಡ ಅಕ್ಕಾ! ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತೆ." ಮೊದಲ ಸಲ ದನಿ ಏರಿತು. "ಮಾನ ಆಗಲೇ ಹೋಗಿದೆ. ಇದೊಂದು ಉಳಿದಿದೆ. ಕೈ ಮುಗೀತೀನಿ."

ನಿಜವಾಗಿ ಕೈ ಮುಗಿದಳು. ಕಾರ್ಬನ್ ತಾಗಿದ ಬೆರಳುಗಳು ನೀಲಿಯಾಗಿದ್ದವು.

ನವೆಂಬರ್ 20

ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಿಜ ಹೇಳಿದರೆ ಸರ್ ಉಳಿಯುತ್ತಾರೆ, ಅವಳು ಮುಳುಗುತ್ತಾಳೆ. ಸುಮ್ಮನಿದ್ದರೆ ಇಬ್ಬರೂ ಮುಳುಗುತ್ತಾರೆ, ನಾನು ದಡದಲ್ಲಿರುತ್ತೇನೆ.

ಇನ್ನೊಂದು ದಾರಿಯಿದೆ. ಅಂದು ನಾನು ನೋಡಿದ್ದು ಏನೂ ಇಲ್ಲ ಎನ್ನಬೇಕು.

ನವೆಂಬರ್ 23

ಬೆಳಿಗ್ಗೆ ಮನೆಯಲ್ಲಿ ಇವರಿಗೆ ಮೊದಲು ಹೇಳಿದೆ. ಕಣ್ಣಿನ ವಿಷಯ ಬಿಟ್ಟು ಉಳಿದದ್ದೆಲ್ಲ, ಆಫೀಸಿಗೆ ಬರೆದುಕೊಡಲಿರುವ ಕಾಗದದ ವಿಷಯವನ್ನೂ. ಇವರು ಶರ್ಟಿನ ಗುಂಡಿ ಹಾಕುತ್ತಿದ್ದವರು ಹಾಗೇ ನಿಂತರು.

"ಟೀಮ್ ಬಿಟ್ಟುಬಿಡು. ಟೊಂಕ ನೋವು ಅಂತ ಬರೆದುಕೊಡು, ಮುಗೀತು. ಇದನ್ನು ಯಾಕೆ ಬರೀಬೇಕು ಶಾರದಾ? ಇದೇ ಊರಿನಲ್ಲಿ ನಾನೂ ತಿರುಗಾಡಬೇಕು."

"ಗೊತ್ತು."

"ಗೊತ್ತಿದ್ದೂ ಬರೀತೀಯಾ?"

ಹೌದು ಎಂದೆ. ತಿಂಡಿ ತಿನ್ನದೆ ಹೋದರು.

ಸೂರ್ಯಪ್ರಕಾಶ ಗಾರು ಕಾಗದವನ್ನು ಎರಡು ಸಲ ಓದಿದರು. ನಾಲ್ಕೇ ಸಾಲು. ಜುಲೈ 21ರಂದು ನಾನು ಮೈದಾನದಲ್ಲಿ ಏನನ್ನೂ ನೋಡಿಲ್ಲ, ಐವರ ಪಟ್ಟಿಯಿಂದ ಹೆಸರು ಹೋದ ಹೊಟ್ಟೆಕಿಚ್ಚಿಗೆ ಕಟ್ಟಿ ಹೇಳಿದೆ, ಕೋಚ್ ಮತ್ತು ಕನಕಲಕ್ಷ್ಮಿ ಇಬ್ಬರೂ ನಿರ್ದೋಷಿಗಳು.

"ಅಂದರೆ ಅವತ್ತು ನೀವು ಸುಳ್ಳು ಹೇಳಿದಿರಿ."

"ಹೌದು, ಸರ್."

"ಇಲ್ಲೇ ಕೂತು. ನನ್ನ ಮುಖ ನೋಡಿಕೊಂಡು."

"ಹೌದು."

ಬೆವರು ಒರೆಸಿಕೊಂಡರು. ದನಿ ಇಳಿಸಿದರು. "ನೋಡಮ್ಮಾ, ನಾನು ಅದರ ಮೇಲೆ ರಿಪೋರ್ಟ್ ಬರೆದಿದ್ದೀನಿ. ಹೆಡ್ಡಾಫೀಸಿಗೆ ಹೋಗಿದೆ. ಆಗಿದ್ದು ಆಯಿತು. ಈ ಕಾಗದ ಹರಿದುಹಾಕೋಣ. ಆ ಹುಡುಗಿ ಫೈಲಿನಲ್ಲಿ ಏನಾದರೂ ಸರಿ ಮಾಡ್ತೀನಿ."

"ಏನು ಸರಿ ಮಾಡ್ತೀರಿ?"

"ಏನೋ ಒಂದು."

"ಇನ್ನೊಂದು ಪ್ರತಿ ನೇರವಾಗಿ ರೀಜನಲ್ ಮ್ಯಾನೇಜರ್‌ಗೆ ಕೊಟ್ಟು ಬಂದಿದ್ದೀನಿ, ಸರ್."

ಅವರು ನನ್ನನ್ನು ನೋಡಿದ ರೀತಿ ಜನ್ಮದಲ್ಲಿ ಮರೆಯುವುದಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಅಸಹ್ಯವಿತ್ತು.

ನವೆಂಬರ್ 30

ವಿಚಾರಣೆ. ಮೂವರು ಅಧಿಕಾರಿಗಳು. ಅವರಲ್ಲೊಬ್ಬರು ಕೇಳಿದರು, "ಏನೂ ಇಲ್ಲದೆ ಮುಖ ಹಿಡಿದಿದ್ದರು ಅನ್ನೋ ಮಾತು ನಿಮಗೆ ಹೇಗೆ ಹೊಳೆಯಿತು? ಮದುವೆಯಾದ ಹೆಂಗಸು ನೀವು."

"ಹೊಳೆಯಿತು, ಸರ್."

"ಇಂಥ ಬುದ್ಧಿಯವರು ನಮ್ಮಲ್ಲಿ ಕೆಲಸ ಮಾಡ್ತಿದ್ದಾರೆ," ಎಂದು ಪಕ್ಕದವರಿಗೆ ಹೇಳಿದರು. ನಾನು ಹೊರಗೆ ಬಂದಾಗ ವರಾಂಡದಲ್ಲಿ ಟೈಪಿಂಗ್ ಸೆಕ್ಷನ್ ಪೂರ್ತಿ ನಿಂತಿತ್ತು. ದಾರಿ ಬಿಟ್ಟರು. ಬೇಕಾದದ್ದಕ್ಕಿಂತ ಅಗಲವಾಗಿ ಬಿಟ್ಟರು.

ಡಿಸೆಂಬರ್ 3

ಕನಕಲಕ್ಷ್ಮಿ ಮೈದಾನಕ್ಕೆ ಬಂದಳು. ನಾನು ಅಲ್ಲಿರಲಿಲ್ಲ. ಗಂಗಾಭವಾನಿ ಬೇರೆಯವರಿಗೆ ಹೇಳುವುದು ಕಿವಿಗೆ ಬಿತ್ತು. ನನ್ನೊಂದಿಗೆ ಅವಳು ಮಾತಾಡುವುದಿಲ್ಲ.

ಡಿಸೆಂಬರ್ 12. ವಿಜಯವಾಡ

ರಜೆ ಹಾಕಿ ನಿನ್ನೆ ಬೆಳಗಿನ ರೈಲಿನಲ್ಲಿ ಒಬ್ಬಳೇ ಬಂದೆ. ತಂಡ ವಲಯ ಟೂರ್ನಿಗೆ ಬಂದು ಮೂರು ದಿನವಾಗಿದೆ. ನಾನು ಇವರ ದೊಡ್ಡಮ್ಮನ ಮನೆಯಲ್ಲಿ ಇಳಿದುಕೊಂಡಿದ್ದೇನೆ.

ಬೆಳಿಗ್ಗೆ ಗವರ್ನರ್‌ಪೇಟೆಯ ಆ ಓಣಿಗೆ ಹೋದೆ. ಕಾಮೇಶ್ವರ ಸರ್ ನೋಟ್‌ಬುಕ್ಕಿನ ಕಟ್ಟುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದರು. "ಏನಮ್ಮಾ ಶಾರದಾ! ಬಾ ಬಾ. ಮ್ಯಾಚಿಗೆ ಬಂದ್ಯೇನು?"

ಅವರಿಗೆ ನಿಗಮದಿಂದ ಕಾಗದ ಬಂದಿರಲಿಲ್ಲ. ಅಂದರೆ ನಾನೇ ಎಲ್ಲವನ್ನೂ ಹೇಳಬೇಕಾಯಿತು. ನಿಂತುಕೊಂಡೇ ಹೇಳಿದೆ. ಕಣ್ಣಿನ ವಿಷಯ ನನಗೆ ಮೊದಲೇ ಗೊತ್ತಿತ್ತು ಎಂಬುದನ್ನೂ. ಅಂಗಡಿಗೆ ಬಂದವರು ಇಬ್ಬರು ಕಾದು ನಿಂತಿದ್ದರು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರಿಗೆ ತಿಳಿಯುತ್ತಿರಲಿಲ್ಲ. ಒಳಬಾಗಿಲಿನಲ್ಲಿ ನಿಂತಿದ್ದ ಸರ್ ಹೆಂಡತಿ ದುರ್ಗಾಂಬ ಅವರಿಗೆ ತಿಳಿಯುತ್ತಿತ್ತು.

ಸರ್ ಬಹಳ ಹೊತ್ತು ಒಂದು ಕಟ್ಟಿನ ದಾರ ಬಿಚ್ಚಿ ಕಟ್ಟುತ್ತಿದ್ದರು.

"ಖರೇನ ನೋಡಿ, ನೋಡಿಲ್ಲ ಅಂತ ಬರಕೊಟ್ಯಾ?"

"ಹೂಂ ಸರ್."

"ಆಕಿ ಕಣ್ಣಿನ ಮಾತು ಬರಲಿಲ್ಲ?"

"ಬರಲಿಲ್ಲ."

"ಅದು ಚಲೋ ಮಾಡಿದಿ." ಆಮೇಲೆ ನನ್ನ ಮುಖ ನೋಡಿದರು. "ಆದ್ರ ಶಾರದಾ, ನಾನು ನಿಂಗ ಏನು ಮಾಡಿದ್ದೆ? ಒಂದು ಸೀಸನ್ ಹೊರಗ ಕುಂದ್ರು ಅಂದಿದ್ದೆ. ಅಷ್ಟಕ್ಕ?"

ನೆಪ ಹುಡುಕಲಿಲ್ಲ. "ಅಷ್ಟಕ್ಕೇ ಸರ್," ಎಂದೆ.

ದುರ್ಗಾಂಬ ಅವರು ಹೊರಗೆ ಬಂದರು. "ನಾಕು ತಿಂಗಳಾತು ನಾನು ನನ್ನ ತಮ್ಮನ ಮನಿಗೆ ಹೋಗಿಲ್ಲ. ಹೋದ್ರ ಎಲ್ಲಾರೂ ಇವರನ್ನ ಕೇಳ್ತಾರ. ನಿನ್ನ ಕಾಗದ ಅಲ್ಲೆಲ್ಲ ಹೋಗಿ ಓದ್ತದೇನು?" ದನಿ ಎತ್ತಲಿಲ್ಲ. ಕೇಳಿ ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಸರ್ ಹಿಂದೆ ಸರಿದರು. "ಬ್ಯಾಡ. ನಿಗಮದವರು ಕರೆದ್ರೂ ನಾ ಬರಾಂಗಿಲ್ಲ, ಅದನ್ನೂ ತಿಳಕೊ. ಇನ್ನೊಬ್ಬ ಹೆಣ್ಣುಮಗಳ ಮುಂದ ಸೀಟಿ ಹಿಡಕೊಂಡು ನಿಂದ್ರಾಕ ನನ್ನ ಕೈಲಾಗದು." ಕಾದಿದ್ದವರ ಕಡೆ ತಿರುಗಿದರು. ನಾನು ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೂಗಿ ಕೇಳಿದರು.

"ಸೆಮಿಫೈನಲ್ ಎಷ್ಟೊತ್ತಿಗೆ?"

"ನಾಲ್ಕಕ್ಕೆ ಸರ್."

ತಲೆಯಾಡಿಸಿ ಒಳಗೆ ಹೋದರು. ಮ್ಯಾಚಿಗೆ ಬರಲಿಲ್ಲ. ನಾನು ಪೂರ್ತಿ ಹೊತ್ತು ಗೇಟಿನ ಕಡೆ ನೋಡುತ್ತಿದ್ದೆ.

ಕನಕಲಕ್ಷ್ಮಿ ಆಡಿದ್ದನ್ನು ಬರೆಯಬೇಕು. ಸೆಂಟರ್ ಜಾಗದಲ್ಲಿ ನಿಂತು ಆರು ವರ್ಷ ನಾನು ಏನು ಮಾಡುತ್ತಿದ್ದೆನೋ ಅದು ಆಟವೇ ಅಲ್ಲ ಅನ್ನಿಸಿತು. ಪ್ರತಿ ಹೊಡೆತಕ್ಕೂ ಮೊದಲು ಕತ್ತು ಚೂರು ಎಡಕ್ಕೆ ತಿರುಗುತ್ತಿತ್ತು. ಮೊದಲ ಗೇಮು ನಮ್ಮದು, ಎರಡನೆಯದು ಅವರದು. ಮೂರನೆಯದರಲ್ಲಿ 27–28 ಇದ್ದಾಗ ಚೆಂಡು ಎಡಗಡೆಯಿಂದ, ಸೂರ್ಯನ ಬೆಳಕಿನೊಳಗಿಂದ ಬಂತು. ಅವಳು ಕತ್ತು ತಿರುಗಿಸುವಷ್ಟರಲ್ಲಿ ಕಾಲ ಬಳಿ ಬಿತ್ತು. ಸೋತೆವು.

ನನ್ನ ಹಿಂದೆ ಕೂತಿದ್ದವನೊಬ್ಬ ಅಂದ, "ನಿದ್ದೆ ಮಾಡ್ತಿದ್ದಾಳಾ? ಅಷ್ಟು ಸುಲಭದ ಚೆಂಡು!" ಇಡೀ ಮೈದಾನದಲ್ಲಿ ಅದು ಸುಲಭದ ಚೆಂಡಲ್ಲವೆಂದು ಗೊತ್ತಿದ್ದವರು ಇಬ್ಬರೇ.

ಅನ್ನಪೂರ್ಣಮ್ಮ ಅವಳ ಬೆನ್ನು ತಟ್ಟಿ ನೀರು ಕೊಟ್ಟರು.

ಡಿಸೆಂಬರ್ 29. ವಿಶಾಖಪಟ್ಟಣ

ಎರಡು ಆದೇಶ ಒಂದೇ ದಿನ ಬಂದವು. ಕನಕಲಕ್ಷ್ಮಿಯ ಕೆಲಸ ಖಾಯಂ. ಇನ್ನೊಂದು ನನ್ನದು. ಎರಡು ವರ್ಷ ಯಾವ ಆಟದಲ್ಲೂ ನಿಗಮದ ಪರ ಆಡುವಂತಿಲ್ಲ. ಹೊಸ ವರ್ಷದಿಂದ ರೆಕಾರ್ಡ್ ರೂಮಿಗೆ. ಸೇವಾ ಪುಸ್ತಕದಲ್ಲಿ ಛೀಮಾರಿ. ನೋಟೀಸ್ ಬೋರ್ಡಿನಲ್ಲಿ ಹಚ್ಚಿದ್ದಾರೆ. ನನ್ನ ಪ್ರತಿಯನ್ನು ಮನೆಗೆ ತಂದೆ.

ಅತ್ತೆ ಭ್ರಮರಾಂಬ ಮೊರದಲ್ಲಿ ಬೇಳೆ ಆರಿಸುತ್ತಿದ್ದರು. ಅವರಿಗೆ ತೆಲುಗು ಅಕ್ಷರವೂ ಅಷ್ಟಾಗಿ ಬರುವುದಿಲ್ಲ. "ಏಮಿಟದಿ?" ಎಂದು ಕಾಗದದ ಕಡೆ ಕೈ ತೋರಿಸಿದರು. ಇವರು ಅವರಿಗೆ ಇಷ್ಟು ದಿನ ಏನೂ ಹೇಳಿರಲಿಲ್ಲ. ನಾನು ಎದುರಿಗೆ ಕೂತು ಇಂಗ್ಲಿಷಿನ ಒಂದೊಂದು ಸಾಲನ್ನೂ ತೆಲುಗಿನಲ್ಲಿ ಓದಿ ಹೇಳಿದೆ. 'ಸಹೋದ್ಯೋಗಿಯ ಶೀಲದ ಬಗ್ಗೆ ದುರುದ್ದೇಶದಿಂದ ಸುಳ್ಳು ಕಟ್ಟಿ' ಎಂಬ ಸಾಲನ್ನೂ.

ಅವರು ಮೊರ ಪಕ್ಕಕ್ಕಿಟ್ಟರು. ಬೈಯುತ್ತಾರೆಂದುಕೊಂಡೆ.

"ಆ ಹುಡುಗಿಗೆ ತಾಯಿ ಇದ್ದಾಳಾ?"

"ಇದ್ದಾರೆ ಅತ್ತಯ್ಯಾ."

"ಅವಳಿಗೆ ಓದು ಬರುತ್ತಾ?"

"ಇಲ್ಲ ಅನ್ನಿಸುತ್ತೆ."

"ಮತ್ತೆ ನನಗೆ ಓದಿ ಹೇಳಿದರೆ ಏನು ಬಂತು? ಅವಳ ಮನೆಯಲ್ಲಿ ಓದು, ಹೋಗು."

ಡಿಸೆಂಬರ್ 30

ಆಫೀಸು ಬಿಟ್ಟವಳೇ ಬಸ್ಸಿನಲ್ಲಿ ಕಂಚರಪಾಲೆಂಗೆ ಹೋದೆ. ವಠಾರದ ಮನೆ, ಆರು ಬಾಗಿಲಿಗೆ ಒಂದೇ ಅಂಗಳ. ನಾಲ್ಕೂವರೆಯ ಬಿಸಿಲು. ಹೆಂಗಸರು ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ದುರ್ಗಾಪ್ರಸಾದ್ ಸೈಕಲ್ ಒರೆಸುತ್ತಿದ್ದ. ನನ್ನನ್ನು ಗುರುತಿಸಿ ಬಟ್ಟೆ ಕೆಳಗೆ ಹಾಕಿದ.

"ಇಲ್ಲಿಗೂ ಬಂದಿರಾ?"

"ಅಮ್ಮನ ಹತ್ತಿರ ಒಂದು ಕಾಗದ ಓದಬೇಕು. ಓದಿ ಹೋಗ್ತೀನಿ."

ತಾಯಿ ಹೊಸ್ತಿಲಿಗೆ ಬಂದರು. ಹಿಂದೆ ಕನಕಲಕ್ಷ್ಮಿ; ಟೂರ್ನಿ ಮುಗಿದು ಈ ವಾರ ಅಭ್ಯಾಸವಿರಲಿಲ್ಲ. ಅವಳು ನನ್ನನ್ನು ಒಳಗೆ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಅಂಗಳದಲ್ಲಿ ನಿಂತು ತೆಲುಗಿನಲ್ಲಿ ಓದಿದೆ. ಮೊದಲು ನನ್ನ ಹೆಸರು, ಸೆಕ್ಷನ್. ಆಮೇಲೆ ಮಾಡಿದ ತಪ್ಪು. ಆಮೇಲೆ ಕಾಮೇಶ್ವರ ರಾವ್ ಅವರ ಹೆಸರು, ಕನಕಲಕ್ಷ್ಮಿಯ ಹೆಸರು, ಇಬ್ಬರ ಮೇಲೂ ಯಾವ ಕಳಂಕವೂ ಇಲ್ಲ ಎಂಬ ಮಾತು. ಕೊನೆಗೆ ಶಿಕ್ಷೆ. ನಲ್ಲಿ ಹರಿಯುತ್ತಿತ್ತು, ಬಿಂದಿಗೆ ತುಂಬಿ ಚೆಲ್ಲುತ್ತಿತ್ತು.

ಮುಗಿದಾಗ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನಾನು ಕಾಗದ ಮಡಿಸತೊಡಗಿದೆ.

ಆ ತುದಿಯ ಮನೆಯ ಮುದುಕಿಯೊಬ್ಬಳು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಸರಿಯಾಗಿ ಕೇಳಿಸಲಿಲ್ಲ ಅಮ್ಮಾಯಿ," ಎಂದಳು.

ಕನಕಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು.

ಕಾಗದ ಬಿಡಿಸಿ, ಅಂಗಳದ ನಡುವೆ ಹೋಗಿ ನಿಂತು, ಮೊದಲಿನಿಂದ ಓದಿದೆ.